ಮುಟ್ಟಬೇಡಿ ಎಂದು ಕೆತ್ತಿದವಳು

ಊರಿನಲ್ಲಿ ಅತಿ ಹೆಚ್ಚು ಜನ ಓದಿದ ಲೇಖಕಿ ಯಾರು ಎಂದು ಕೇಳಿದರೆ ಸಾಹಿತ್ಯ ಬಲ್ಲವರು ತಲೆ ಕೆರೆದುಕೊಂಡಾರು. ಉತ್ತರ ಸುಲಭ. ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಹೊಲಿಗೆ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಎಂಟಡಿ ಅಗಲದ ಕೋಣೆಯಲ್ಲಿ ಕೂರುತ್ತಿದ್ದ ಉಳಿಯಮ್ಮ. ಅವಳ ಕೃತಿಗಳು ಚಿಕ್ಕವು, ಆದರೆ ಒಂದೂ ಮಾರಾಟವಾಗದೆ ಉಳಿದದ್ದಿಲ್ಲ. 'ತಳ್ಳಿ.' 'ಎಳೆಯಿರಿ.' 'ವೈದ್ಯರು ಒಳಗಿದ್ದಾರೆ.' 'ನಾಯಿ ಇದೆ.' 'ಹುಲ್ಲಿನ ಮೇಲೆ ನಡೆಯಬಾರದು.' ಮಹಾಕಾವ್ಯ ಬರೆದವರ ಮಾತನ್ನು ಜನ ಕೇಳುತ್ತಾರೋ ಇಲ್ಲವೋ, ಉಳಿಯಮ್ಮ 'ತಳ್ಳಿ' ಎಂದರೆ ಮಂತ್ರಿಯೂ ತಳ್ಳುತ್ತಿದ್ದ, ಕಳ್ಳನೂ ತಳ್ಳುತ್ತಿದ್ದ.

ಮೂವತ್ತೊಂದು ವರ್ಷ ಅವಳು ಹಿತ್ತಾಳೆ ಫಲಕಗಳ ಮೇಲೆ ಅಕ್ಷರ ಕೆತ್ತಿದಳು. ಮೊದಲು ಮಾವನಿಂದ ಕಲಿತ ಕೈಯುಳಿಯಲ್ಲಿ. ಓಣಿಯವರು ಇಟ್ಟ ಹೆಸರು ಅದರಿಂದ ಬಂದದ್ದು. ಆಮೇಲೆ ಯಂತ್ರದಲ್ಲಿ. ಯಂತ್ರಕ್ಕೆ ಎರಡು ತೋಳು. ಒಂದು ತೋಳು ಅಚ್ಚಿನ ಅಕ್ಷರದ ಮೇಲೆ ಓಡಿದರೆ ಇನ್ನೊಂದು ಅದೇ ಅಕ್ಷರವನ್ನು ಹಿತ್ತಾಳೆಯಲ್ಲಿ ಕೊರೆಯುತ್ತದೆ. ಕೊರೆದು ಮುಗಿದ ಮೇಲೆ ಕಣ್ಣು ಮುಚ್ಚಿ ಬಲಗೈಯ ಹೆಬ್ಬೆರಳನ್ನು ಅಕ್ಷರಗಳ ಮೇಲೆ ಎಳೆಯುವುದು ಅವಳ ಪದ್ಧತಿ. ಕಣ್ಣು ಮೋಸ ಹೋಗುತ್ತದೆ, ಹೊಳಪು ಕಂಡರೆ ಸಾಕು ಒಪ್ಪಿಬಿಡುತ್ತದೆ. ಹೆಬ್ಬೆರಳಿಗೆ ದಾಕ್ಷಿಣ್ಯವಿಲ್ಲ. ಕೂದಲೆಳೆಯಷ್ಟು ಆಳ ಕಡಿಮೆಯಾದರೂ ಅದು ನಿಂತುಬಿಡುತ್ತಿತ್ತು.

ಬಣ್ಣ ತುಂಬುವುದು ಗಂಡನ ಕೆಲಸ. ಅವಳು ಕೊರೆದ ಅಕ್ಷರಕ್ಕೆ ಕರಿ ಬಣ್ಣ ತುಂಬಿ, ಹೊರಗೆ ಚೆಲ್ಲಿದ್ದನ್ನು ಬಟ್ಟೆಯಲ್ಲಿ ಒರೆಸುವುದು. "ನೀನು ಹಳ್ಳ ತೋಡು, ನಾನು ಬೀಳ್ತೀನಿ" ಎನ್ನುವುದು ಅವನ ದಿನಕ್ಕೊಂದು ಸಲದ ತಮಾಷೆ. ಮೂವತ್ತೊಂದು ವರ್ಷ ಅದಕ್ಕೆ ಅವಳು ನಕ್ಕಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಅವನು ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಗಡ್ಡ ಹೋಗಿ ಅರ್ಧ ನೊರೆ ಉಳಿದಾಗ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡ. ಕ್ಷೌರಿಕ ಮರ್ಯಾದಸ್ಥ. ಹೇಳಿಕಳಿಸುವ ಮೊದಲು ಉಳಿದರ್ಧವನ್ನೂ ಮುಗಿಸಿದ. ಉಳಿಯಮ್ಮ ಓಡಿಬಂದು ಗಂಡನ ನುಣ್ಣನೆ ಕೆನ್ನೆ ನೋಡಿದಳು, ಗೋಡೆ ನೋಡಿದಳು, "ನಿಮ್ಮ ಬೋರ್ಡು ತುಕ್ಕು ಹಿಡಿದಿದೆಯಲ್ಲ, ಹೊಸದು ಮಾಡ್ಕೊಡ್ಲಾ?" ಎಂದಳು. ಅಳು ಆಮೇಲೆ ಬರುತ್ತೆ ಎಂದರು ನೆಂಟರು. ಬರಲಿಲ್ಲ. ಬಂದದ್ದು ಬೇರೆ. ಮೂರನೇ ವಾರ ಕೆಲಸಕ್ಕೆ ಕೂತು, ದಂತವೈದ್ಯನ ಹೆಸರು ಕೊರೆದು, ಕಣ್ಣು ಮುಚ್ಚಿ ಹೆಬ್ಬೆರಳೆಳೆದರೆ ಏನೂ ಇಲ್ಲ. ಯಾರದೋ ಬೆರಳನ್ನು ತನ್ನ ಕೈಗೆ ಅಂಟಿಸಿದ ಹಾಗೆ.

ಡಾಕ್ಟರು ಸೂಜಿ ಚುಚ್ಚಿದರು. "ಏನನ್ನಿಸ್ತಮ್ಮ?"

"ರಕ್ತ ಬರ್ತಿದೆ," ಎಂದಳು ಉಳಿಯಮ್ಮ, ಪಕ್ಕದ ಮನೆಯವರ ನಲ್ಲಿ ಸೋರುತ್ತಿದೆ ಎನ್ನುವ ಧಾಟಿಯಲ್ಲಿ.

ನರಗಳೆಲ್ಲ ಗಟ್ಟಿಮುಟ್ಟಾಗಿವೆ ಎಂದು ಡಾಕ್ಟರು ಬರೆದುಕೊಟ್ಟರು. ಅಂಗಡಿ ಮೊದಲು ಮಧ್ಯಾಹ್ನಕ್ಕೆ ಮುಚ್ಚಿತು, ಆಮೇಲೆ ಪೂರ್ತಿ ಮುಚ್ಚಿತು. ಬಾಗಿಲ ಕೆಳಗಿಂದ ತೂರಿಬರುವ ಅಂಚೆಯನ್ನೆಲ್ಲ ಅವಳು ಒಡೆಯದೆ ಮೇಜಿನ ಖಾನೆಗೆ ಹಾಕುತ್ತಿದ್ದಳು. ಯಾರು ಏನು ಕೇಳಿದರೂ ಅವಳ ಉತ್ತರ 'ಹೂಂ'. ಊಟ ಆಯ್ತಾ? ಹೂಂ. ಮಳೆ ಬರುತ್ತಾ? ಹೂಂ. ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಅದೇ ಬರುತ್ತಿತ್ತು.

ಅವಳ ತಂಗಿ ಶಾಲೆಯೊಂದರಲ್ಲಿ ಆಟದ ಮೇಡಮ್ಮು. ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓಡಿಸಿದವಳಿಗೆ, ನಿಂತುಹೋದ ಒಬ್ಬ ಅಕ್ಕ ಯಾವ ಲೆಕ್ಕ ಎನಿಸಿತ್ತು. ಕೊರಳಲ್ಲಿ ಸದಾ ಪೀಪಿ. ಪರೀಕ್ಷೆ ಮುಗಿದ ರಜೆಯಲ್ಲಿ ಅವಳು ಅಕ್ಕನ ಮನೆಗೆ ದಂಡೆತ್ತಿ ಬಂದಳು.

"ನೋಡಕ್ಕ, ಎರಡು ವಿಷಯ. ಒಂದು, ನಮ್ಮ ಶಾಲೆಗೆ ಬಹುಮಾನದ ಕಪ್ಪು, ಬಟ್ಟಲು ಮಾರ್ತಾನಲ್ಲ, ಅವನು ಅದರ ಮೇಲೆ ಹೆಸರು ಕೊರೆಯೋಕೆ ನಿನ್ನ ಯಂತ್ರ ಕೊಂಡ್ಕೋತಾನಂತೆ. ಸೋಮವಾರ ಹತ್ತು ಗಂಟೆಗೆ ಬರ್ತಾನೆ. ಯಂತ್ರ ಹೋದ್ರೆ ಅಂಗಡಿ ಬಿಟ್ಟುಕೊಟ್ಟು ನೀನು ನಮ್ಮನೆ ಹಿಂದಿನ ಕೋಣೆಗೆ ಬಂದಿರು. ಬೇಡ ಅನ್ನೋದಾದ್ರೆ ಈಗ್ಲೇ ಬೇಡ ಅನ್ನು."

"ಹೂಂ."

"ಹೂಂ ಅಂದ್ರೆ ಬೇಡಾನಾ, ಬೇಕಾ?"

"ಹೂಂ."

"ನಿನ್ನ ಹತ್ರ ಮಾತಾಡೋದೂ ಒಂದೆ, ನೀರು ಕಡೆಯೋದೂ ಒಂದೆ," ಎಂದಳು ತಂಗಿ. "ಸರಿ, ಸೋಮವಾರ ಬೆಳಿಗ್ಗೆವರೆಗೂ ಯೋಚನೆ ಮಾಡು. ಎರಡನೇದು, ಶನಿವಾರ ಭಾನುವಾರ ನಾವಿಬ್ರೂ ದೊಡ್ಡೂರಿಗೆ ಹೋಗ್ತಿದೀವಿ. ತೋಟ ನೋಡೋಕೆ. ಇಪ್ಪತ್ತು ಕಿಲೋ ಆಮ್ಲಜನಕ ಕುಡಿದು ಬರೋಣ."

ಹೀಗೆ ದಿಗ್ವಿಜಯ ಹೊರಟಿತು. ಮುಂದೆ ತಂಗಿ, ಬೆನ್ನಿಗೆ ಚೀಲ, ಕೈಯಲ್ಲಿ ಗಂಟೆಗೊಂದು ತೋಟದಂತೆ ಬರೆದ ಪಟ್ಟಿ. ಹಿಂದೆ ಉಳಿಯಮ್ಮ, ಮಡಚಿಟ್ಟ ಕೊಡೆಯಂತೆ. ನಾಲ್ಕು ಗಂಟೆ ರೈಲು. ಎರಡು ಮಂಚ, ಒಂದು ಬಕೆಟ್ಟು, ಗೋಡೆಗೊಂದು ಜಲಪಾತದ ಚಿತ್ರವಿದ್ದ ವಸತಿಗೃಹ. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಆಮೇಲೆ ತೋಟ.

ತೋಟವೆಂದರೆ ಸಾಮಾನ್ಯದ್ದಲ್ಲ. ಒಳಗೆ ಹೋದವರು ಮದುವೆಯಾಗಿ ಮಕ್ಕಳಾಗಿ ಹೊರಬರಬಹುದು, ಅಷ್ಟು ದೊಡ್ಡದು. ಗುಲಾಬಿಗೇ ನಾಲ್ಕು ಮೈದಾನ, ಕಳ್ಳಿಗೊಂದು ಗುಡ್ಡ, ಜರಿಗಿಡಗಳಿಗೆ ಮಂಜು ಉಗುಳುವ ಗಾಜಿನ ಮನೆ. ತಂಗಿ ಪ್ರತಿಯೊಂದರ ಮುಂದೆ ನಿಂತು "ಆಹಾ" ಎಂದು, ಗಡಿಯಾರ ನೋಡಿ, "ನಡಿ" ಎನ್ನುತ್ತಿದ್ದಳು. ಉಳಿಯಮ್ಮ ಗುಲಾಬಿಯನ್ನು ನೋಡಿದಳು. ಅದು ಕೆಂಪಗಿತ್ತು. ಸರಿ. ತಾವರೆಯನ್ನು ನೋಡಿದಳು. ಅದು ನೀರಿನ ಮೇಲಿತ್ತು. ಸರಿ. ಹಳೆಯ ಕ್ಯಾಲೆಂಡರನ್ನು ಹಾಳೆ ಮಗುಚಿ ನೋಡಿದಂತೆ ಒಂದಾದ ಮೇಲೊಂದು ಬಂದವು, ಹೋದವು.

ಕಳ್ಳಿಗುಡ್ಡದ ಬುಡದಲ್ಲಿ ಅವಳು ನಿಂತಳು. ಗಿಡವನ್ನಲ್ಲ, ಗಿಡದ ಮುಂದಿನ ಹಿತ್ತಾಳೆ ಫಲಕವನ್ನು ನೋಡುತ್ತಿದ್ದಳು.

"ಇದು ನಂದು," ಎಂದಳು.

"ಏನು, ಕಳ್ಳೀನಾ?"

"ಫಲಕ."

ತಂಗಿಗೆ ಆಗ ನೆನಪಾಯಿತು. ಈ ತೋಟದ ಫಲಕಗಳನ್ನೆಲ್ಲ ಹದಿನೆಂಟು ವರ್ಷ ಕೆತ್ತಿ, ಹುಲ್ಲಿನಲ್ಲಿ ಸುತ್ತಿ, ಪಾರ್ಸೆಲ್ ಮಾಡುತ್ತಿದ್ದದ್ದು ಅಕ್ಕ ಭಾವ. ಬಂದು ನೋಡಿದ್ದೇ ಇಲ್ಲ. ಮದುವೆ ಮಾಡಿ ದೂರದೂರಿಗೆ ಕೊಟ್ಟ ಸಾವಿರ ಹೆಣ್ಣುಮಕ್ಕಳು ಒಂದೇ ಕಡೆ ಸಂಸಾರ ಮಾಡಿಕೊಂಡಿದ್ದರೆ ತಾಯಿಗೆ ಹೇಗಾಗಬೇಕು! ಅವರೆಲ್ಲ ಬಿಸಿಲಲ್ಲಿ ಸ್ವಲ್ಪ ಕಪ್ಪಾಗಿ, ಒಬ್ಬಿಬ್ಬರು ಹಕ್ಕಿ ಹಿಕ್ಕೆ ಮೆತ್ತಿಸಿಕೊಂಡು, ಮರ್ಯಾದೆಯಿಂದ ನಿಂತಿದ್ದರು. ಕರಿ ಬಣ್ಣ ಒಂದಕ್ಷರದಲ್ಲೂ ಉದುರಿರಲಿಲ್ಲ.

"ಖುಷಿ ಆಗ್ತಿಲ್ವೇನೇ ಅಕ್ಕ?"

"ಹೂಂ," ಎಂದಳು ಉಳಿಯಮ್ಮ, ನಡೆದಳು.

ಭಾನುವಾರ ಬೆಳಿಗ್ಗೆಯ ಕಾರ್ಯಕ್ರಮ, ಆ ನೆಲದ ಮೂಲ ಜನರಲ್ಲೊಬ್ಬರ ಜೊತೆ ತೋಟದ ಸುತ್ತಾಟ. ತೋಟ ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಆ ಜಾಗದಲ್ಲಿ ಬೇರು ಅಗೆದು, ಸೊಪ್ಪು ಕೊಯ್ದು ಬಾಳಿದವರು ಅವರು. ಕರೆದುಕೊಂಡು ಹೋಗುವಾಕೆಗೆ ಐವತ್ತರ ಮೇಲಾಗಿತ್ತು. ಮೊದಲು ನಗರದ ಬಸ್ಸು ಓಡಿಸುತ್ತಿದ್ದಳಂತೆ. ಎಲ್ಲರೂ ಬಸ್ಸಕ್ಕ ಎನ್ನುತ್ತಿದ್ದರು, ಹಳೆಯ ಅಭ್ಯಾಸಗಳನ್ನೂ ಅವಳು ಬಿಟ್ಟಿರಲಿಲ್ಲ.

"ಎಲ್ಲರೂ ಹತ್ತಿದ್ರಾ? ನಿಲ್ಲಿ, ಹಾಗೇ ನುಗ್ಗಬಾರದು. ಬೇರೆಯವರ ಮನೆಗೆ ಹೋದ್ರೆ ಬಾಗಿಲು ಬಡೀತೀರಲ್ಲ? ನಾವು ನೆಲಕ್ಕೆ ಹೇಳಿ ಒಳಗೆ ಹೋಗ್ತೀವಿ, ಯಾರು ಬಂದಿದಾರೆ, ಏನು ಕೆಲಸ ಮಾಡೋರು ಅಂತ. ನೀವು ನಿಮ್ಮ ಭಾಷೇಲಿ ಹೇಳಿ, ನಾನು ನಮ್ಮ ಭಾಷೇಲಿ ನೆಲಕ್ಕೆ ಮುಟ್ಟಿಸ್ತೀನಿ."

ಇದ್ದದ್ದು ಆರು ಜನ. ಒಬ್ಬ ಬ್ಯಾಂಕಿನವನು, ಅವನ ಹೆಂಡತಿ, ಗಿಡಮರಗಳ ಪಾಠ ಮಾಡುವ ಮೇಷ್ಟ್ರೊಬ್ಬರು, ಅವರ ಛತ್ರಿ ಹಿಡಿದ ಅಮ್ಮ, ಮತ್ತೆ ಇವರಿಬ್ಬರು. ಒಬ್ಬೊಬ್ಬರೇ ಹೇಳಿದರು. ಬಸ್ಸಕ್ಕ ಬಗ್ಗಿ ಅಂಗೈಯನ್ನು ನೆಲಕ್ಕಿಟ್ಟು, ಗಂಟಲಲ್ಲಿ ಸಣ್ಣ ಬೀಗ ಬಿದ್ದಂತೆ ತಡೆದು ಬಿಡುವ ಮಾತಿನಲ್ಲಿ ಹೇಳುತ್ತಿದ್ದಳು. ಉಳಿಯಮ್ಮನ ಸರದಿ ಬಂತು.

"ಏನು ಕೆಲಸಮ್ಮ ನಿಮ್ದು?"

"ಏನಿಲ್ಲ."

"ಏನಿಲ್ಲ ಅನ್ನೋಕೆ ನಮ್ಮಲ್ಲಿ ಮಾತಿಲ್ವಲ್ಲ," ಎಂದಳು ಬಸ್ಸಕ್ಕ. "ಹೋಗ್ಲಿ, ನಡ್ಕೊಂಡು ಬಂದೋರು ಅಂತ ಹೇಳ್ತೀನಿ."

ಸುತ್ತಾಟ ಹೊರಟಿತು. "ಮುಂದಿನ ನಿಲ್ದಾಣ, ಹುಳಿಬೇರು! ಇಳಿಯೋರು ಇಳೀರಿ!" ಈ ಬೇರು ಹೊಟ್ಟೆ ನೋವಿಗೆ, ಈ ತೊಗಟೆ ಮೀನು ಹಿಡಿಯುವ ಬುಟ್ಟಿಗೆ, ಈ ಹೂ ಬಿಟ್ಟರೆ ಹೊಳೆ ಏರುತ್ತದೆ ಎಂದರ್ಥ. ಪ್ರತಿ ಗಿಡಕ್ಕೂ ಅವಳು ತಮ್ಮ ಭಾಷೆಯ ಹೆಸರು ಹೇಳುತ್ತಿದ್ದಳು. ಜನ ಹೇಳಲು ಹೋಗಿ ಕೆಮ್ಮುತ್ತಿದ್ದರು.

ಗಿಡದ ಮೇಷ್ಟ್ರು ಕೇಳಿದರು: "ಇಷ್ಟು ಚೆನ್ನಾಗಿರೋ ಹೆಸರು ಫಲಕದಲ್ಲಿ ಯಾಕಿಲ್ಲ?"

"ಬರ್ತಾ ಇವೆ ಮೇಷ್ಟ್ರೇ. ಎಂಟು ತಿಂಗಳಿಂದ ಬರ್ತಾನೇ ಇವೆ," ಎಂದಳು ಬಸ್ಸಕ್ಕ. "ನಮ್ಮ ಚಿಕ್ಕಮ್ಮಂಗೆ ಎಂಬತ್ತೆಂಟು. ಕೂತು ನಲವತ್ತು ಗಿಡದ ಹೆಸರು ಹೇಳಿ ಬರೆಸಿದಾರೆ. ಅದರಲ್ಲಿ ಒಂದು ಗಿಡಕ್ಕೆ ಮಾತ್ರ ಮೂರು ಹೆಸರು. ಚಿಗುರಿದಾಗ ಒಂದು, ಹೂ ಬಿಟ್ಟಾಗ ಒಂದು, ಒಣಗಿದಾಗ ಒಂದು. ಆಫೀಸಿನವರು ಫಲಕದಲ್ಲಿ ಜಾಗ ಇಲ್ಲ, ಒಂದೇ ಹೇಳಿ ಅಂದ್ರು. ಚಿಕ್ಕಮ್ಮ, ಜಾಗ ಇಲ್ಲ ಅಂದ್ರೆ ದೊಡ್ಡ ಫಲಕ ಮಾಡ್ಸಿ, ಗಿಡ ಸಣ್ಣದು ಮಾಡೋಕಾಗಲ್ಲ ಅಂದ್ರು. ಆರು ತಿಂಗಳು ಜಗಳ. ಗೆದ್ರು. ಎಲ್ಲಾ ಬರೆದು ಕೆತ್ತೋರಿಗೆ ಕಳಿಸಿದ್ದಾಯ್ತು. ಈಗ ನೋಡಿದ್ರೆ ಕೆತ್ತೋರೇ ತೀರಿಕೊಂಡ್ರಂತೆ."

"ಅಯ್ಯೋ ಪಾಪ," ಎಂದರು ಮೇಷ್ಟ್ರ ಅಮ್ಮ.

"ಆಫೀಸಿನವರು ಫೋನು ಮಾಡಿದಾರೆ. ಪಕ್ಕದ ಬೀಗದಂಗಡಿಯವನು ಹೇಳಿದಾನೆ, ಅಂಗಡಿಯವರು ತೀರಿಕೊಂಡ್ರು, ಬಾಗಿಲು ಹಾಕಿದೆ ಅಂತ. ಪ್ರತಿ ಭಾನುವಾರ ಚಿಕ್ಕಮ್ಮ ಕೇಳ್ತಾರೆ, ಬಂತಾ ಅಂತ. ಇಲ್ಲ ಅಂತೀನಿ. ಬಯ್ತಾರೆ. ಸತ್ತೋರನ್ನ ಏನು ಮಾಡೋಕಾಗುತ್ತೆ?"

ತಂಗಿಯ ಬಾಯಿಂದ ಪೀಪಿ ಜಾರಿತು. ಅಕ್ಕನನ್ನು ನೋಡಿದಳು. ತಾನು ಸತ್ತ ಸುದ್ದಿಯನ್ನು ಉಳಿಯಮ್ಮ ನೆಟ್ಟಗೆ ನಿಂತು ಕೇಳಿಸಿಕೊಂಡಳು. ಬೀಗದಂಗಡಿಯವನು ಹೇಳಿದ್ದು ಗಂಡನ ವಿಷಯ ಎಂದು ಅವಳಿಗೆ ಗೊತ್ತಾಯಿತು. ತಿದ್ದಬೇಕು ಎನಿಸಲಿಲ್ಲ. ಹೆಚ್ಚುಕಮ್ಮಿ ಸರಿಯಾಗೇ ಇದೆಯಲ್ಲ ಎನಿಸಿತು. ಮೇಜಿನ ಖಾನೆಯಲ್ಲಿ ಬಿದ್ದಿರುವ ಲಕೋಟೆಗಳಲ್ಲೊಂದು ದಪ್ಪಗಿತ್ತು, ಕಂದು ಬಣ್ಣದ್ದು ಎಂಬುದೂ ನೆನಪಾಯಿತು.

"ಅಕ್ಕ," ಎಂದು ತಂಗಿ ಮೊಣಕೈಯಲ್ಲಿ ತಿವಿದಳು. "ಹೇಳೇ."

"ಹೂಂ," ಎಂದಳು. ಹೇಳಲಿಲ್ಲ.

"ಮುಂದಿನ ನಿಲ್ದಾಣ, ತುರಚಿ ಗಿಡ!" ಎಂದಳು ಬಸ್ಸಕ್ಕ. "ಇಲ್ಲಿ ಯಾರೂ ಇಳೀಬೇಡಿ, ದೂರದಿಂದ ನೋಡಿ. ಎಲೆ ಬೇಯಿಸಿದ್ರೆ ಔಷಧಿ, ಹಸೀದು ತಾಗಿದ್ರೆ ಬೆಂಕಿ."

ಸೊಂಟದೆತ್ತರದ ತುರಚಿ ಪೊದೆ ಗಾಳಿಗೆ ಸಾಧುವಿನಂತೆ ತಲೆದೂಗುತ್ತಿತ್ತು. ಅದರ ಎದೆಗೊರಗಿದಂತೆ ಹಿತ್ತಾಳೆ ಫಲಕ. ದಪ್ಪ ಅಕ್ಷರ: 'ಮುಟ್ಟಬೇಡಿ.' ಉಳಿಯಮ್ಮನಿಗೆ ಅದನ್ನು ಕೆತ್ತಿದ ದಿನವೂ ನೆನಪಿತ್ತು. ಗಂಡ ಬಣ್ಣ ತುಂಬುತ್ತ, "ಇದನ್ನ ನನ್ನ ಬೆನ್ನಿಗೆ ಅಂಟಿಸು" ಎಂದಿದ್ದ. ಎಲ್ಲರೂ ಮುಂದೆ ನಡೆದರು. ಅವಳು ಹಿಂದುಳಿದಳು, ಏನೋ ಅನ್ನಿಸಿದ್ದಕ್ಕಲ್ಲ. ಫಲಕ ಕೈಗೆಟುಕುವಂತಿತ್ತು, ಕೈಗೆ ಮೂವತ್ತೊಂದು ವರ್ಷದ ರೂಢಿಯಿತ್ತು. ಕಣ್ಣು ಮುಚ್ಚಿದಳು. ಹೆಬ್ಬೆರಳನ್ನು 'ಮು' ಮೇಲಿಟ್ಟು ಬಲಕ್ಕೆಳೆದಳು. ಏನೂ ಇಲ್ಲ. 'ಟ್ಟ'. ಏನೂ ಇಲ್ಲ. ಅಕ್ಷರಗಳು ಎಲ್ಲಿ ಮುಗಿದವು ಎಂಬುದೇ ಬೆರಳಿಗೆ ತಿಳಿಯಲಿಲ್ಲ. ಹಾಗೇ ಫಲಕದ ಅಂಚು ದಾಟಿ, ಪೊದೆಯೊಳಗೆ ಹೋಗಿ, ಒಂದು ಅಗಲವಾದ ಎಲೆಯನ್ನು ಅದೇ ಶ್ರದ್ಧೆಯಿಂದ, ಅದೇ ಒತ್ತಡದಿಂದ, ತುದಿಯವರೆಗೂ ಸವರಿತು.

"ಅಯ್ಯಮ್ಮಾ! ಸುಟ್ಟೋಯ್ತು!"

ಹದಿನಾಲ್ಕು ತಿಂಗಳಲ್ಲಿ 'ಹೂಂ' ಅಲ್ಲದ ಮಾತನ್ನು ಅವಳು ಇಷ್ಟು ಜೋರಾಗಿ ಆಡಿದ್ದೇ ಇಲ್ಲ. ಕೊಳದ ಬಾತುಗಳು ಎದ್ದು ಹಾರಿದವು. ತಂಗಿ ಗಾಬರಿಯಲ್ಲಿ ಪೀಪಿ ಊದಿದಳು. ಬಸ್ಸಕ್ಕ ಓಡಿಬಂದು, ಪೊದೆಯ ಬುಡದಲ್ಲೇ ಬೆಳೆದಿದ್ದ ಅಗಲದ ಸೊಪ್ಪೊಂದನ್ನು ಕಿತ್ತು, ಹಿಂಡಿ, ಹೆಬ್ಬೆರಳಿಗೆ ಉಜ್ಜಿದಳು.

"ಇಷ್ಟು ದಪ್ಪಕ್ಕೆ ಬರೆದಿದೆಯಲ್ಲಮ್ಮ, ಮುಟ್ಟಬೇಡಿ ಅಂತ! ಓದೋಕೆ ಬರಲ್ವಾ?"

"ಓದೋದಾ? ಬರೆದೋಳೇ ಅವಳು!" ಎಂದಳು ತಂಗಿ.

"ಯಾರು?"

"ಇವಳೇ. ಈ ತೋಟದ ಫಲಕ ಎಲ್ಲಾ ಕೆತ್ತಿದ್ದು ನಮ್ಮಕ್ಕ. ತೀರಿಕೊಂಡಿದ್ದು ನಮ್ಮ ಭಾವ."

ಉಜ್ಜುತ್ತಿದ್ದ ಕೈ ನಿಂತಿತು. ಬಸ್ಸಕ್ಕ ಉಳಿಯಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. "ಹಾಗಾದ್ರೆ ನೀವು ಸತ್ತಿಲ್ವಾ?"

"ಇನ್ನೂ ಸರಿಯಾಗಿ ಗೊತ್ತಾಗಿಲ್ಲ," ಎಂದಳು ಉಳಿಯಮ್ಮ, ಹೆಬ್ಬೆರಳಿಗೆ ಗಾಳಿ ಊದುತ್ತ.

ಬಸ್ಸಕ್ಕ ತಡಮಾಡಲಿಲ್ಲ. ಫೋನು ತೆಗೆದು ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡಿ ಉಳಿಯಮ್ಮನ ಕಿವಿಗೆ ಹಿಡಿದಳು. ಆ ಕಡೆಯಿಂದ ಮುದಿ ದನಿ, ಆದರೆ ಇಸ್ತ್ರಿ ಹಾಕಿದ ದನಿ.

"ಕೆತ್ತೋಳಾ?"

"ಹೂಂ."

"ನನ್ನ ಪಟ್ಟಿ ಎಲ್ಲಿದೆ?"

"ಮೇಜಿನ ಖಾನೇಲಿದೆ."

"ಖಾನೆ ಓದ್ತಾ ಅದನ್ನ?"

ಉಳಿಯಮ್ಮ ಯಾರಿಗೂ ಹೇಳದ್ದನ್ನು, ಮುಖ ನೋಡಿರದ ಆ ಮುದುಕಿಗೆ ಹೇಳಿದಳು. "ಹೆಬ್ಬೆರಳು ಸತ್ತಿದೆ ಅಜ್ಜಿ. ಆಳ ಗೊತ್ತಾಗಲ್ಲ. ನಮ್ಮೆಜಮಾನ್ರು ಹೋದ ಮೇಲೆ."

"ನಮ್ಮೋನು ಹೋದಾಗ ನಾನೂ ಒಂದು ವರ್ಷ ಮಾತಾಡಿರಲಿಲ್ಲ. ಊರೋರಿಗೆ ಭಾರಿ ನೆಮ್ಮದಿಯಾಗಿತ್ತಂತೆ," ಎಂದಿತು ದನಿ. "ಈಗ ಹೇಗಿದೆ ಬೆರಳು?"

"ಉರೀತಿದೆ."

"ಸತ್ತಿದ್ದು ಉರಿಯಲ್ಲ. ಕೆತ್ತೋಕಾಗುತ್ತಾ ಇಲ್ವಾ ಹೇಳು. ಆಗಲ್ಲ ಅಂದ್ರೆ ಬೇರೆಯವರನ್ನ ಹುಡುಕ್ತೀವಿ. ಹೂಂ ಅನ್ನಬೇಡ, ಅದು ಉತ್ತರ ಅಲ್ಲ."

"ನಾಳೆ ಹೇಳ್ತೀನಿ," ಎಂದಳು. ಫೋನು ಕೊಟ್ಟು, ಉಳಿದವರು ಬೇಡ ಬೇಡ ಎನ್ನುತ್ತಿದ್ದರೂ ಮತ್ತೆ ಫಲಕದ ಬಳಿ ಹೋದಳು. ಈ ಸಲ ಕಣ್ಣು ತೆರೆದುಕೊಂಡೇ ಉರಿಯುವ ಹೆಬ್ಬೆರಳನ್ನು ಎಳೆದಳು. ಉರಿಯ ಕೆಳಗೆ, ತೀರ ಕೆಳಗೆ, ಒಂದು ಕಡೆ ಬೆರಳು ತೊಡರಿತು. 'ಡಿ'ಯ ಬಾಲದಲ್ಲಿ. ಅಲ್ಲಿ ಆಳ ಸಾಲದು. ಒಂಬತ್ತು ವರ್ಷ ಬಿಸಿಲು ಮಳೆಗೆ ನಿಂತ ಆ ತಪ್ಪನ್ನು ಗಂಡನ ಬಣ್ಣ ಮುಚ್ಚಿಟ್ಟಿತ್ತು.

ಹದಿನಾಲ್ಕು ತಿಂಗಳ ನಂತರ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅದೂ ಸಾಸಿವೆಯಷ್ಟು. "ಥೂ, ಹೇಗೆ ಬಿಟ್ಟೆ ನಾನು ಇದನ್ನ?" ಎಂದಳು. ಆಮೇಲೆ ರೈಲಿನಲ್ಲಿ ನಾಲ್ಕು ಗಂಟೆ ಮತ್ತೆ ಏನೂ ಇಲ್ಲ. ಕಿಟಕಿಯಾಚೆ ಮರಗಳು ಬಂದವು, ಹೋದವು. ತಂಗಿ ಆಗಾಗ ಅವಳ ಬೆರಳನ್ನು ನೋಡುತ್ತಿದ್ದಳು, ಬೆರಳೇ ಏನಾದರೂ ಹೇಳೀತು ಎನ್ನುವಂತೆ.

ಸಂಜೆ ಊರಿಗೆ ಬಂದವಳೇ ಅಂಗಡಿ ತೆಗೆದು ಖಾನೆ ಎಳೆದಳು. ಕಂದು ಲಕೋಟೆ. ನಲವತ್ತು ಗಿಡಗಳ ಹೆಸರು, ದೊಡ್ಡ ದೊಡ್ಡ ಅಕ್ಷರದಲ್ಲಿ. ಗಂಟಲಲ್ಲಿ ತಡೆದು ಬಿಡುವ ಸದ್ದಿಗೆ ಅಕ್ಷರದ ನೆತ್ತಿಗೊಂದು ಚುಕ್ಕಿ, ಎಳೆದು ಹೇಳುವುದಕ್ಕೆ ಬುಡದಲ್ಲೊಂದು ಗೆರೆ. ಅಚ್ಚಿನ ಪೆಟ್ಟಿಗೆಯನ್ನೆಲ್ಲ ಸುರಿದು ಹುಡುಕಿದಳು. ಅಂಥ ಅಚ್ಚು ಒಂದೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಕಪಾಟಿನ ಮೇಲಿಂದ ಮಾವನ ಉಳಿಗಳ ಪೆಟ್ಟಿಗೆ ಇಳಿಸಿದಳು.

ಸೋಮವಾರ ಹತ್ತಕ್ಕೆ ಕಾಲು ಗಂಟೆ ಇರುವಾಗಲೇ ಬಟ್ಟಲಿನ ವ್ಯಾಪಾರಿ ಇಬ್ಬರು ಆಳು, ಒಂದು ಕೈಗಾಡಿ ತಂದು ನಿಂತ. ತಂಗಿ ಬಾಗಿಲಲ್ಲಿ ಉಸಿರು ಹಿಡಿದಿದ್ದಳು. ಉಳಿಯಮ್ಮ ಕಿಟಕಿ ಬೆಳಕಿಗೆ ಮೈಯೊಡ್ಡಿ, ಮೊಣಕಾಲ ನಡುವೆ ಹಿತ್ತಾಳೆ ತಗಡು ಸಿಕ್ಕಿಸಿಕೊಂಡು, ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎನ್ನುತ್ತಿದ್ದಳು.

"ಏನಮ್ಮ, ಯಂತ್ರ ಕೊಡ್ತೀರಾ?"

"ತಗೊಂಡು ಹೋಗಿ."

ತಂಗಿಯ ಮುಖ ಇಳಿದುಹೋಯಿತು. ವಿಚಿತ್ರವೆಂದರೆ ವ್ಯಾಪಾರಿಯನ್ನು ಹುಡುಕಿ ತಂದವಳು ಅವಳೇ. "ಹಾಗಾದ್ರೆ ಅಂಗಡಿ ಬೀಗದ ಕೈ ಮಾಲೀಕರಿಗೆ ಕೊಟ್ಟು ಬರ್ಲಾ?"

"ಅದ್ಯಾಕೆ? ನಾನೆಲ್ಲಿ ಕೂತ್ಕೊಳ್ಲಿ? ಈ ಅಕ್ಷರ ಯಂತ್ರಕ್ಕೆ ಬರಲ್ಲ ಕಣೇ. ಅದು ಇಲ್ಲಿದ್ರೆ ಬರೀ ಜಾಗಕ್ಕೆ ದಂಡ. ನಲವತ್ತು ಫಲಕ ಇದೆ, ಒಂದು ದೊಡ್ಡದು ಬೇರೆ, ಮೂರು ಹೆಸರಿಂದು." ಇಷ್ಟುದ್ದ ಮಾತಾಡಿದ್ದಕ್ಕೆ ಅವಳಿಗೇ ಸ್ವಲ್ಪ ಸುಸ್ತಾಯಿತು. "ಮುದುಕಿಗೆ ಫೋನು ಮಾಡಿ ಹೇಳು, ಆಗುತ್ತೆ ಅಂತ. ಬೇಗ ಆಗಲ್ಲ ಅಂತಾನೂ ಹೇಳು."

ಆಳುಗಳು ಯಂತ್ರವನ್ನು ಎತ್ತಿ, ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿದು, ಹೊರಗೆ ಸಾಗಿಸಿದರು. ಗೋಡೆಯಲ್ಲಿ ಅದರಾಕಾರದ ಬಿಳಿ ಕಲೆ ಉಳಿಯಿತು. ವ್ಯಾಪಾರಿಯ ಕಣ್ಣು ಮೇಜಿನ ಮೇಲಿದ್ದ ಉಳಿಗಳ ಪೆಟ್ಟಿಗೆಗೆ ಬಿತ್ತು. "ಇದೂ ಹಳೇ ಕಾಲದ್ದೇ ಅಲ್ವಾ? ಜೊತೇಲಿ ಇದನ್ನೂ..." ಎಂದು ಕೈ ಚಾಚಿದ.

"ಮುಟ್ಟಬೇಡಿ," ಎಂದಳು ಉಳಿಯಮ್ಮ, ತಲೆಯೆತ್ತದೆ.

ವ್ಯಾಪಾರಿ ಕೈ ಹಿಂದಕ್ಕೆ ತೆಗೆದುಕೊಂಡ. ಮಂತ್ರಿ, ಕಳ್ಳ ಎಲ್ಲರೂ ಕೇಳುವ ಮಾತು, ಅವನೇನು ಮಹಾ.

ಗಾಡಿ ಹೋದ ಮೇಲೆ ತಂಗಿ ತೋಳೇರಿಸಿ, "ಬಣ್ಣ ತುಂಬೋ ಕೆಲಸ ನಂಗೆ ಬಿಡು, ಮೈದಾನಕ್ಕೆ ಸುಣ್ಣದ ಗೆರೆ ಹಾಕಿ ಅಭ್ಯಾಸ ಇದೆ," ಎಂದು ಭಾವನ ಡಬ್ಬ ತೆಗೆಯಲು ಹೋದಳು. ಮುಚ್ಚಳ ಬರಲಿಲ್ಲ. ಉಳಿಯಮ್ಮ ಉಳಿಯ ಹಿಂಬದಿಯಿಂದ ಅದನ್ನು ಎಬ್ಬಿಸಿದಳು. ಒಳಗೆ ಬಣ್ಣ ಒಣಗಿ ಕಲ್ಲಾಗಿತ್ತು. ಅದರಲ್ಲಿ ಗಂಡನ ಕುಂಚ, ಅವನು ಆ ದಿನ ಕ್ಷೌರಕ್ಕೆಂದು ಎದ್ದಾಗ ಬಿಟ್ಟುಹೋದ ಹಾಗೇ, ನೆಟ್ಟಗೆ ನಿಂತಿತ್ತು. ಅವಳು ಅದನ್ನು ನೋಡಿದಳು. ಏನಾದರೂ ಬರಲಿ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಮುಚ್ಚಳ ಒತ್ತಿ ಡಬ್ಬವನ್ನು ಕಪಾಟಿನ ಮೇಲಿಟ್ಟಳು.

"ಹೊಸ ಡಬ್ಬ ತಗೊಂಡು ಬಾ. ಕರೀದು. ಚೆಲ್ಲಬೇಡ."

ತಂಗಿ ಹೋದಳು. ಉಳಿಯಮ್ಮ ಮೊದಲ ಹೆಸರಿನ ಮೊದಲ ಅಕ್ಷರದ ಪುಡಿ ಊದಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನಿಟ್ಟಳು. ಉರಿ ಹೋಗಿ ಬೆರಳು ಸ್ವಲ್ಪ ತುರಿಸುತ್ತಿತ್ತು. ಮೊದಲಿನ ಹಾಗಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುವುದು ಗೋಡೆಯ ಮೂಲಕ ಕೇಳಿಸಿದ ಹಾಗೆ. ಏನೆನ್ನುತ್ತಾರೆ ತಿಳಿಯದು, ಇದ್ದಾರೆ ಎಂಬುದು ತಿಳಿಯುತ್ತದೆ. ನೆತ್ತಿಯ ಚುಕ್ಕಿಯ ಮೇಲೆ ಬೆರಳು ಒಂದು ಕ್ಷಣ ನಿಂತಿತು.

"ಆಳ ಸಾಲದು," ಎಂದು ಅವಳು ಮತ್ತೆ ಉಳಿ ಎತ್ತಿಕೊಂಡಳು.